ವೈರಿಗೆ ಮೊದಲ ಬನ್ನಿ

ಒಂದು ಕೆಲಸ ಮಾಡಿ. ನಿಮ್ಮ ಮೊಬೈಲ್ ತೆಗೆದು, ಈ ವಾರ ಯಾರಿಗೆ ತಟ್ಟನೆ ಉತ್ತರ ಕೊಟ್ಟಿರಿ, ಯಾರ ಮೆಸೇಜು ಹಾಗೇ ಬಿದ್ದಿದೆ ನೋಡಿ. ನಾನು ಪಂದ್ಯ ಕಟ್ಟುತ್ತೇನೆ. ನಿಮಗೆ ಕಂಡರಾಗದ ಆ ಅಪಾರ್ಟ್‌ಮೆಂಟ್ ಸೆಕ್ರೆಟರಿಗೆ ಕೈ ಮುಗಿದ ಚಿತ್ರದ ಸಮೇತ ಉತ್ತರ ಹೋಗಿರುತ್ತದೆ. ನಿಮ್ಮ ಸೀರೆಗೆ ಮದುವೆ ಮನೆಯಲ್ಲಿ ಕೊಂಕು ತೆಗೆದ ನಾದಿನಿಗೆ ಹುಟ್ಟುಹಬ್ಬದ ಶುಭಾಶಯ ಬೆಳಗಾಗುವುದರೊಳಗೆ ಮುಟ್ಟಿರುತ್ತದೆ. ಕಾಲೇಜಿನಿಂದ ಜೊತೆಗಿರುವ ಗೆಳತಿ ‘ಹೆಂಗದಿ?’ ಎಂದು ಕೇಳಿದ್ದು ಮಾತ್ರ ಸೋಮವಾರದಿಂದ ಹಾಗೇ ಕೂತಿದೆ. ಯಾಕೆ? ‘ಅಕಿ ನಮ್ಮಾಕಿ, ತಿಳ್ಕೋತಾಳ.’ ಈ ಒಂದು ಮಾತಿದೆಯಲ್ಲ, ಇದನ್ನು ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಇದು ಮೊಬೈಲಿನಿಂದ ಬಂದ ರೋಗ ಎಂದು ಭಾಷಣ ಮಾಡುವವರನ್ನು ನಂಬಬೇಡಿ. ಧಾರವಾಡದ ಮಾಳಮಡ್ಡಿಯ ನಮ್ಮ ಹೆಂಚಿನ ಮನೆಯಲ್ಲಿ ಫೋನೇ ಇಲ್ಲದ ಕಾಲದಲ್ಲಿ ನಾನು ಈ ರೋಗವನ್ನು ಹತ್ತಿರದಿಂದ ನೋಡಿದ್ದೇನೆ. ರೋಗಿಯ ಹೆಸರು ಶಿವಪ್ಪ ಮಾಸ್ತರ. ನನ್ನ ಅಪ್ಪ.

ಅಪ್ಪ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ. ನಮ್ಮ ಮನೆ ರೈಲು ಡಬ್ಬಿಯಂತೆ ಉದ್ದಕ್ಕಿತ್ತು. ಮುಂದೆ ಪಡಸಾಲೆ, ಅದನ್ನು ದಾಟಿದರೆ ಕತ್ತಲು ಕತ್ತಲಾದ ನಡುಮನೆ, ಆಮೇಲೆ ಅಡುಗೆಮನೆ, ಕಡೆಗೆ ಹಿತ್ತಲು. ಹಿತ್ತಲ ಮೂಲೆಯ ಬಚ್ಚಲಲ್ಲಿ ನೀರು ಕಾಯಿಸುವ ತಾಮ್ರದ ಬಂಬು ಇತ್ತು. ಅದರ ನಡುವೆ ಬೆಂಕಿಯ ಕೊಳವೆ, ಸುತ್ತ ನೀರು. ಬೆಳಗ್ಗೆ ಅದನ್ನು ಹೊತ್ತಿಸುವುದು ಅಪ್ಪನ ಕೆಲಸ. ಹೊತ್ತಿಸಿದ ಕೂಡಲೇ ಹೊಗೆ ಎದ್ದು, ಒಂದು ಸಲ ಆಕಾಶ ನೋಡಿ, ಮನಸ್ಸು ಬದಲಾಯಿಸಿ, ಗೋಡೆಯಾಚೆಯ ವೆಂಕಣ್ಣ ಕಾಕಾನ ದೇವರ ಮನೆಯ ಕಿಟಕಿಗೆ ನೇರ ಹೋಗುತ್ತಿತ್ತು. ವೆಂಕಣ್ಣ ಕಾಕಾ ಕೋರ್ಟಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಆತ ಮೊದಲು ಕೆಮ್ಮುತ್ತಿದ್ದ. ಅದು ಹೊಗೆಯ ಕೆಮ್ಮಲ್ಲ, ಸಾಕ್ಷಿಗೆಂದು ಕೆಮ್ಮಿದ ಕೆಮ್ಮು. ಆಮೇಲೆ ಗೋಡೆಯ ಮೇಲೆ ತಲೆ ಕಾಣಿಸುತ್ತಿತ್ತು.

“ಮಾಸ್ತರ, ಇವತ್ತ ಬಂಬಿನೊಳಗ ಏನ್ ಹಾಕೀರಿ? ಕಟಗಿನೋ, ಹಳೇ ಚಪ್ಪಲಿನೋ?”

“ನಿಮ್ಮ ಮಂತ್ರಕ್ಕ ಹೊಗಿ ಕೊಟ್ರ ಲಗೂ ಮ್ಯಾಲೆ ಮುಟ್ಟತಾವು ಕಾಕಾ.”

“ನಾ ನೋಟಿಸ್ ಕೊಡಸ್ತೀನಿ, ನೋಡ್ರಿ ಮತ್ತ.”

“ಕೊಡಸ್ರಿ. ಬಂಬ್ ಹೊತ್ತಸಾಕ ಕಾಗದ ಕಡಿಮಿ ಬಿದ್ದಾವು.”

ಅಪ್ಪ ಗೆದ್ದ ಮುಖ ಹೊತ್ತು ಒಳಗೆ ಬರುತ್ತಿದ್ದ. ಮರುದಿನಕ್ಕೆಂದು ಹಸಿ ತೆಂಗಿನ ಸಿಪ್ಪೆ ಎತ್ತಿಡುತ್ತಿದ್ದ. ರೊಟ್ಟಿ ಬಡಿಯುತ್ತಿದ್ದ ಅವ್ವ ಹಿಟ್ಟಿನ ಕೈಯನ್ನೇ ಹಣೆಗೆ ಒತ್ತಿಕೊಂಡು, “ಇಬ್ಬರಿಗೂ ಬ್ಯಾರೆ ಉದ್ಯೋಗ ಇಲ್ಲ” ಎನ್ನುತ್ತಿದ್ದಳು. ಆದರೆ ಅವ್ವನೂ ಕಡಿಮೆಯವಳಲ್ಲ. ಅಂಗಳದ ರಂಗೋಲಿ ವೆಂಕಣ್ಣ ಕಾಕಾನ ಹೆಂಡತಿ ಕಾಕು ಹಾಕಿದ್ದಕ್ಕಿಂತ ಒಂದು ಎಳೆಯಾದರೂ ದೊಡ್ಡದಿರಬೇಕು. ನಮಗೆ ಏಟು ಬಿದ್ದರೆ ಬಾಯಿ ಮುಚ್ಚಿ ಅಳಬೇಕು, ಯಾಕೆಂದರೆ ‘ಆಚಿ ಮನಿಯವರು ಕೇಳತಾರ’. ನನ್ನ ಅಕ್ಷರ ದುಂಡಗಾದದ್ದು ಕಾಕಾನ ಮೊಮ್ಮಗಳ ಅಕ್ಷರ ದುಂಡಗಿದೆ ಎಂಬ ಸುದ್ದಿ ಬಂದದ್ದರಿಂದ. ಹಬ್ಬಕ್ಕೆ ಸುಣ್ಣ ಬಳಿದದ್ದು, ಪರದೆ ಬದಲಾಯಿಸಿದ್ದು, ನಾನು ಇಂಗ್ಲಿಷ್ ಪದ್ಯ ಬಾಯಿಪಾಠ ಮಾಡಿದ್ದು ಎಲ್ಲಾ ಆ ಗೋಡೆಯ ದಯೆ. ಅಪ್ಪನಿಗಂತೂ ವೆಂಕಣ್ಣ ಕಾಕಾ ಯಾವಾಗ ಏಳುತ್ತಾನೆ, ಯಾವ ತರಕಾರಿ ತಂದ, ಯಾವ ಕಾಲು ನೋಯುತ್ತಿದೆ ಎಲ್ಲಾ ಗೊತ್ತು. ಕಾಕಾ ಒಂದು ದಿನ ಕೆಮ್ಮದಿದ್ದರೆ ಬಚ್ಚಲಿನಿಂದಲೇ ಕೇಳುತ್ತಿದ್ದ, “ಯಾಕ, ಆರಾಮಿಲ್ಲೇನು ಮುದುಕಗ?” ಇಷ್ಟು ನಿಗಾ ಇಟ್ಟು ಆತ ನನ್ನನ್ನೂ ನೋಡಲಿಲ್ಲ, ಅವ್ವನನ್ನೂ ನೋಡಲಿಲ್ಲ.

ಇನ್ನು ಗೆಳೆಯನ ಸಂಗತಿ. ಅಪ್ಪನಿಗೆ ಗೆಳೆಯ ಅಂತ ಇದ್ದದ್ದು ಒಬ್ಬನೇ, ದಾವಲ್ ಕಾಕಾ. ಅಂಗಡಿಗಳ ಬೋರ್ಡು ಬರೆಯುವ ಪೇಂಟರ್. ಸಣ್ಣವರಿದ್ದಾಗ ಇಬ್ಬರೂ ಒಂದೇ ಸಾಲೆ, ಒಂದೇ ಬೆಂಚು. ಮಾಸ್ತರರ ವ್ಯಂಗ್ಯಚಿತ್ರ ಬರೆದು ಇಬ್ಬರೂ ಒಟ್ಟಿಗೆ ಹೊಡೆತ ತಿಂದವರು. ಅಪ್ಪ ಓದಿ ಮಾಸ್ತರನಾದ, ದಾವಲ್ ಕಾಕಾ ಓದು ಬಿಟ್ಟು ಬ್ರಷ್ ಹಿಡಿದ. ಹುಬ್ಬಳ್ಳಿ ಅಮರಗೋಳದ ಮಾರ್ಕೆಟ್ ಯಾರ್ಡಿನಲ್ಲಿ ಅರ್ಧಕ್ಕರ್ಧ ಅಂಗಡಿಗಳ ಹೆಸರು ಆತನ ಕೈಯವು. ರವಿವಾರ ಬೆಳಗಾದರೆ ಸೈಕಲ್ ಹಿತ್ತಲಿಗೆ ಒರಗಿಸಿ, ಕೂಗದೆ ಕರೆಯದೆ ಅಡುಗೆಮನೆಗೇ ಬಂದು, ಅವ್ವನ ಎದುರು ಮಣೆ ಎಳೆದು ಕೂಡುತ್ತಿದ್ದ. “ಅಕ್ಕಾ, ಬಿಸಿ ಐತೇನು?” ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಮೇಲೆ ಮೊಸರು. ತಿಂದಾದ ಮೇಲೆ ಪಡಸಾಲೆಯಲ್ಲಿ ಇಬ್ಬರಿಗೂ ಅಕ್ಷರಗಳ ಜಗಳ. ‘ಳ’ದ ಬಾಲ ಎಷ್ಟಿರಬೇಕು, ‘ಕ’ದ ಹೊಟ್ಟೆ ಎಲ್ಲಿ ತಿರುಗಬೇಕು ಎಂದು ನೆಲದ ಮೇಲೆ ಸೀಮೆಸುಣ್ಣದಿಂದ ಬರೆದು ಬರೆದು ಒರೆಸುತ್ತಿದ್ದರು. ನಮ್ಮ ಮನೆಯಲ್ಲಿ ಅಪ್ಪ ಬಾಯಿ ತೆರೆದು ನಗುತ್ತಿದ್ದದ್ದು ಆ ಹೊತ್ತು ಮಾತ್ರ. ಉಳಿದ ದಿನಗಳಲ್ಲಿ ಆತ ಮಾಸ್ತರ. ಅವ್ವನಿಗೂ ಅದು ಗೊತ್ತಿತ್ತು, ಅದಕ್ಕೇ ರವಿವಾರ ಒಂದು ಮುಷ್ಟಿ ಹಿಟ್ಟು ಹೆಚ್ಚಿಗೆ ನಾದುತ್ತಿದ್ದಳು.

ಇಷ್ಟಾಗಿ ನಾವು ದಾವಲ್ ಕಾಕಾನ ಮನೆಗೆ ಹೋದದ್ದಿಲ್ಲ. ಒಂದು ಸಲವೂ ಇಲ್ಲ. ಆತನ ಹೆಂಡತಿ ಬೀಬಿಜಾನ್ ಚಾಚಿ ಹತ್ತಿರದ ಮುಗದ ಊರಿನವಳು. ತವರಿಂದ ಹೊಸ ಅಕ್ಕಿ ಬಂದಾಗ ನಮಗೂ ಒಂದು ಚೀಲ ಕಳಿಸುತ್ತಿದ್ದಳು, ಅದನ್ನು ತಿನ್ನುತ್ತಿದ್ದೆವು. ಆದರೆ ಆಕೆಯ ಸಣ್ಣ ಮಗಳ ಹೆಸರು ಏನು ಎಂದು ನಾನು ಕೇಳಿದರೆ ಅಪ್ಪ ತಡವರಿಸುತ್ತಿದ್ದ. ವೆಂಕಣ್ಣ ಕಾಕಾನ ಕಾಲು ನೋವು ಎಡಗಾಲಿನದು ಎಂದು ಗೊತ್ತಿದ್ದವನಿಗೆ!

ನಮ್ಮ ಕಡೆ ದಸರೆಯ ಸಂಜೆ ಬನ್ನಿ ಕೊಡುವುದಿದೆ. ಬನ್ನಿ ಮರದ ಎಲೆಯನ್ನು ಎದುರಿನವರ ಕೈಯಲ್ಲಿಟ್ಟು, ‘ಬನ್ನಿ ತಗೊಂಡು ಬಂಗಾರದಂಗ ಇರೂಣು’ ಎನ್ನುವುದು, ಹಿರಿಯರಾದರೆ ಕಾಲು ಮುಟ್ಟುವುದು, ಅವರು ಕೊಟ್ಟದ್ದನ್ನು ತಿಂದು ಮುಂದಿನ ಮನೆಗೆ ನಡೆಯುವುದು. ಮಾತು ಬಿಟ್ಟವರೂ ಆ ಸಂಜೆ ಮಾತಾಡಲೇಬೇಕು. ಹಾಗಾಗಿ ಅಪ್ಪನ ಮೊದಲ ಬನ್ನಿ ಯಾವಾಗಲೂ ವೆಂಕಣ್ಣ ಕಾಕಾನಿಗೆ. ಅದಕ್ಕೆಂದೇ ಬಿಳಿ ಅಂಗಿಗೆ ಇಸ್ತ್ರಿ ಆಗುತ್ತಿತ್ತು. ಇಡೀ ಕಟ್ಟು ಹರವಿಕೊಂಡು ಕೂತು, ಹುಳ ತಿನ್ನದ, ಹರಿಯದ ಎಲೆಗಳ ಟೊಂಗೆಯನ್ನು ಆರಿಸಿ ಬೇರೆ ಇಡುತ್ತಿದ್ದ. ಅಲ್ಲಿ ಹೋದರೆ ಕಾಕಾನೂ ಜರಿಯಂಚಿನ ಧೋತರ ಉಟ್ಟು ಸಿದ್ಧ. ಕುರ್ಚಿಯ ಮೇಲೆ ಹೊಸ ಟವೆಲ್ ಹಾಸಿದೆ. ಕಾಕು ಬೆಳ್ಳಿ ತಟ್ಟೆಯಲ್ಲಿ ಫಳಾರ ತರುತ್ತಾಳೆ. “ಮಳಿ ಛಲೋ ಆತು ನೋಡ್ರಿ ಮಾಸ್ತರ.” “ಹೌದ್ರಿ, ಭಾಳ ಛಲೋ ಆತು.” ಗೋಡೆಯ ಮೇಲಿನಿಂದ ಹಳೇ ಚಪ್ಪಲಿ ಎಂದು ಬೈದಾಡಿದವರು ಇವರೇನಾ ಎಂದು ನಾನು ಇಬ್ಬರ ಬಾಯನ್ನೂ ನೋಡುತ್ತ ಕೂಡುತ್ತಿದ್ದೆ. ಬಂಗಾರದಂತೆ ಇರೋಣ ಎಂದು ಕೈ ಹಿಡಿದುಕೊಂಡು ಹೇಳಿ ಬಂದದ್ದು ಮರುದಿನ ಬಂಬು ಹೊತ್ತುವ ತನಕ. ಮತ್ತೆ ಕೆಮ್ಮು. ನಿಜ ಹೇಳಬೇಕೆಂದರೆ ಆ ನಾಟಕದ ಬಗ್ಗೆ ನನ್ನ ತಕರಾರಿಲ್ಲ. ದಾವಲ್ ಕಾಕಾನಿಗೆ ಬನ್ನಿ ಯಾಕಿಲ್ಲ ಎಂಬುದು ನನ್ನ ತಕರಾರು. ಅಮರಗೋಳದ ಅಡತಿ ಅಂಗಡಿಗಳ ದಲಾಲರೆಲ್ಲ ಆತನಿಗೆ ಬನ್ನಿ ಕೊಡುತ್ತಿದ್ದರು. ನಮ್ಮಲ್ಲಿ ಮಾತ್ರ, ಆತ ಮುಂದಿನ ರವಿವಾರ ಬಂದಾಗ ಬುಟ್ಟಿಯಲ್ಲಿ ಬಾಡಿ ಉಳಿದದ್ದರಲ್ಲಿ ಒಂದನ್ನು ಅಪ್ಪ ಎಸೆಯುತ್ತಿದ್ದ. “ಹಿಡಿಯಲೇ.” ದಾವಲ್ ಕಾಕಾ ಅದನ್ನು ಕಿವಿಯ ಮೇಲೆ ಬೀಡಿಯಂತೆ ಸಿಕ್ಕಿಸಿಕೊಂಡು ನಗುತ್ತಿದ್ದ. ಕೇಳಿದರೆ ಅಪ್ಪನ ಉತ್ತರ ಸಿದ್ಧ. “ಅಂವ ನಮ್ಮಾಂವ. ಅವಂಗೇನ್ ಶಿಷ್ಟಾಚಾರ?”

ನಾನು ಹತ್ತರ ಆಸುಪಾಸಿನಲ್ಲಿದ್ದ ಒಂದು ವರ್ಷ ದಾವಲ್ ಕಾಕಾ ಊರ ಅಂಚಿನಲ್ಲಿ ಎರಡು ಕೋಣೆಯ ಸ್ವಂತ ಮನೆ ಕಟ್ಟಿದ. ಬಾಡಿಗೆ ಮನೆಗಳಲ್ಲಿ ಬೋರ್ಡು, ಬಣ್ಣದ ಡಬ್ಬಿ, ಮಕ್ಕಳು ಎಲ್ಲವನ್ನೂ ಒಂದರ ಮೇಲೊಂದು ಇಟ್ಟುಕೊಂಡು ಬದುಕಿದವನಿಗೆ ಅದು ಸಣ್ಣ ಮಾತಲ್ಲ. ದಸರೆಯ ಹಿಂದಿನ ರವಿವಾರ ರೊಟ್ಟಿ ಮುರಿಯುತ್ತ, ತಟ್ಟೆ ನೋಡುತ್ತಲೇ ಹೇಳಿದ.

“ಶಿವ್ಯಾ, ಈ ಸಲ ಬನ್ನಿಗೆ ಎಲ್ಲಾರೂ ನಮ್ಮ ಹೊಸ ಮನೀಗೆ ಬರ್ರಿ. ಅಕ್ಕಾ, ನೀವೂ ಬರಬೇಕು.”

“ಬರ್ತೇವಿ ತಗೋ. ಅದನ್ನೇನ್ ಹೇಳ್ತಿ?” ಎಂದ ಅಪ್ಪ.

ದಸರೆಯ ಸಂಜೆ ಮಾಮೂಲಿನಂತೆ ಮೊದಲು ವೆಂಕಣ್ಣ ಕಾಕಾನ ಮನೆ. ಅವತ್ತು ಕಾಕಾನಿಗೆ ಏನು ಹೊಕ್ಕಿತ್ತೋ, ಫಳಾರ ಮುಗಿದ ಮೇಲೆ ಬಂಬಿನ ವಿಷಯ ತಾನೇ ತೆಗೆದ. ನೀವು ಒಂದು ತಗಡಿನ ಚಿಮಣಿ ಕೂಡಿಸಿದರೆ ನಾನು ಕಿಟಕಿಯ ಒಂದು ಬಾಗಿಲು ಮುಚ್ಚುತ್ತೇನೆ ಎಂದು ರಾಜಿಗೆ ಬಂದ. ಅಪ್ಪನಿಗೆ ಸ್ವರ್ಗ ಸಿಕ್ಕಂತಾಯಿತು. ಚಿಮಣಿ ಎಷ್ಟು ಎತ್ತರ, ಯಾವ ಕಡೆ ಬಾಯಿ, ಖರ್ಚು ಯಾರದು, ಗಾಳಿ ಪಡುವಣದಿಂದ ಬಂದರೆ ಏನು ಗತಿ. ಕಾಕು ಎರಡನೇ ಸಲ ಚಹಾ ತಂದಳು. ಅವ್ವ ಬಾಗಿಲಲ್ಲಿ ನಿಂತು ಕಣ್ಣಿನಿಂದ ಕರೆದಳು, ಕೆಮ್ಮಿ ಕರೆದಳು, ಕಡೆಗೆ ನನ್ನನ್ನು ಕಳಿಸಿದಳು. ಅಪ್ಪ ನನಗೆ ಕೈಯಲ್ಲೇ ‘ತಡಿ’ ಎಂದ. ಎದ್ದು ಬಂದಾಗ ದೀಪ ಹಚ್ಚಿ ಬಹಳ ಹೊತ್ತಾಗಿತ್ತು.

“ಇನ್ನ ದಾವಲಣ್ಣಾರ ಮನೀಗೆ ಯಾವಾಗ ಹೋಗೂದ್ರಿ?” ಎಂದಳು ಅವ್ವ.

“ಇಷ್ಟೊತ್ತಿಗೆ ಯಾಕ? ಅಂವ ಏನ್ ಹೊರಗಿನಾಂವೇನ? ನಾಳೆ ಅಂವನ ಬರ್ತಾನ.”

ನಾಳೆ ಆತ ಬರಲಿಲ್ಲ. ರವಿವಾರವೂ ಬರಲಿಲ್ಲ. ಅವ್ವ ನಾದಿದ ಹೆಚ್ಚಿನ ಹಿಟ್ಟು ಒಣಗಿತು. “ಕೆಲಸ ಇರಬೇಕು” ಎಂದ ಅಪ್ಪ. ಇನ್ನೊಂದು ರವಿವಾರ ಹೋಯಿತು. ಮಂಗಳವಾರದ ಸಂತೆಯಲ್ಲಿ ಅವ್ವನಿಗೂ ನನಗೂ ಬೀಬಿಜಾನ್ ಚಾಚಿ ಎದುರಾದಳು. ಬದನೆಕಾಯಿ ಆರಿಸುತ್ತಿದ್ದವಳು ನಮ್ಮನ್ನು ಕಂಡು ನಕ್ಕಳು, ಆದರೆ ಕೈ ಬದನೆಕಾಯಿ ಬಿಡಲಿಲ್ಲ.

“ಯಾಕ್ರೀ ಬೀಬಿಜಾನ್, ದಾವಲಣ್ಣ ಕಾಣವಲ್ರು?” ಎಂದಳು ಅವ್ವ.

“ಏನಿಲ್ಲ ಅಕ್ಕಾ. ಕೆಲಸ.”

“ಖರೇ ಹೇಳ್ರಿ.”

ಚಾಚಿ ಬುಟ್ಟಿ ಕೆಳಗಿಟ್ಟಳು.

“ಬಾಜೂ ಮನಿಯಿಂದ ಖುರ್ಚಿ ಇಸಗೊಂಡು ಬಂದಿದ್ರು ಅಕ್ಕಾ. ನಮ್ಮ ಕೈದು ನೀವ್ ತಿಂತೀರೋ ಇಲ್ಲೋ ಅಂತ ಲಾಡು ಅಂಗಡಿಯಿಂದ ತರಿಸಿದ್ರು, ಹೊಸಾ ತಾಟ ಕೊಂಡ್ರು. ಹುಡುಗೂರು ಮುಟ್ಟಿದ್ರ ಬೈತಿದ್ರು, ‘ಮಾಸ್ತರ್ ಬರೂಮಟಾ ಯಾರೂ ಮುಟ್ಟಬ್ಯಾಡ್ರಿ’ ಅಂತ. ಸಂಜಿಮುಂದ ಬಾಗಿಲದಾಗ ನಿಂತಾವ್ರು ನಿಂತ ಇದ್ರು. ಓಣಿಯಾಗಿನವ್ರು ಕೇಳಿದ್ರು, ‘ಯಾರ್ ಬರ್ತಾರ ಪೇಂಟರ?’ ಇವ್ರು, ‘ನಮ್ಮ ದೋಸ್ತ, ಹೈಸ್ಕೂಲ್ ಮಾಸ್ತರ್’ ಅಂದ್ರು. ಎಲ್ಲಾರಿಗೂ ಅಂದಿದ್ರು.”

ಅವ್ವ ಏನೂ ಕೊಳ್ಳದೆ ಮನೆಗೆ ಬಂದಳು. ಅಪ್ಪ ಪಡಸಾಲೆಯಲ್ಲಿ ಮಕ್ಕಳ ಡ್ರಾಯಿಂಗ್ ನೋಡುತ್ತಿದ್ದ. ಸೆರಗು ಸೊಂಟಕ್ಕೆ ಸಿಕ್ಕಿಸಿ ಎದುರಿಗೆ ನಿಂತು, ಚಾಚಿ ಹೇಳಿದ್ದನ್ನು ಒಂದು ಮಾತೂ ಬಿಡದೆ ಹೇಳಿದಳು. ಆಮೇಲೆ ನಾನಿದ್ದೇನೆ ಎಂದೂ ನೋಡದೆ ಕೇಳಿದಳು.

“ಖರೇ ಹೇಳ್ರಿ. ಅವರ ಮನ್ಯಾಗ ತಿನ್ನೂದಾಗತೈತಿ ಅಂತ ಹೋಗಲಿಲ್ಲೇನು?”

“ಥೂ! ನಾ ಅಂಥಾಂವೇನ? ನಮ್ಮ ಒಲಿ ಮುಂದ ಕೂತು ಉಣ್ತಾನ ಅಂವ!”

“ಅಂವ ನಮ್ಮಲ್ಲಿ ಉಣ್ಣೂದು ಕೇಳಲಿಲ್ಲ ನಾ. ನೀವು ಅವರಲ್ಲಿ.”

ಅಪ್ಪ ಬಣ್ಣದ ಕಾಗದಗಳನ್ನು ಸರಿ ಮಾಡಿದ, ಮತ್ತೆ ಸರಿ ಮಾಡಿದ. “ಅವಂಗ ಅಷ್ಟ ಸಿಟ್ಟು ಬಂದಿದ್ರ ಬಂದು ಬೈಬೇಕಿತ್ತು. ಗೆಳ್ಯಾ ಅಲ್ಲೇನು? ಬರ್ಲಿ, ನಾ ಏನ್ ಬ್ಯಾಡ ಅಂದೇನಿ?” ಅಲ್ಲಿಗೆ ಮಾತು ಮುಗಿಯಿತು. ಅವ್ವನ ಪ್ರಶ್ನೆಗೆ ಉತ್ತರ ಏನೆಂದು ನನಗೆ ಇಂದಿಗೂ ಗೊತ್ತಿಲ್ಲ. ಅದು ಬರೀ ಆಲಸ್ಯವೋ, ಆಲಸ್ಯದ ತಳದಲ್ಲಿ ಇನ್ನೇನಾದರೂ ಇತ್ತೋ, ಅಪ್ಪನಿಗೇ ಗೊತ್ತಿತ್ತೋ ಇಲ್ಲವೋ. ಆದರೆ ಹೊಸ ತಟ್ಟೆ ತೊಳೆದಿಟ್ಟು ಬಾಗಿಲಲ್ಲಿ ನಿಂತವನಿಗೆ ಕಾರಣದಿಂದ ಏನಾಗಬೇಕು? ಬಾರದವರು ಬರಲಿಲ್ಲ, ಅಷ್ಟೇ. ಬೇಕಾದರೆ ಅವತ್ತೇ ಸೈಕಲ್ ತೆಗೆದುಕೊಂಡು ಹೋಗಿ ‘ತಪ್ಪಾತಲೇ’ ಎಂದಿದ್ದರೆ ಸಾಕಿತ್ತು. ವೈರಿಯ ಮುಂದೆ ವರ್ಷಕ್ಕೊಮ್ಮೆ ಬಾಗುವ ಸೊಂಟ ಗೆಳೆಯನ ಮುಂದೆ ಬಾಗದು! ಇದು ಯಾವ ಸೀಮೆಯ ಅಭಿಮಾನ ಎಂದು ನಾನು ಈಗಲೂ ತಲೆ ಚಚ್ಚಿಕೊಳ್ಳುತ್ತೇನೆ.

ಆ ವರ್ಷ ನಮ್ಮ ಮನೆ ಹೇಗಿತ್ತು ಎಂದು ಏನು ಹೇಳಲಿ. ರವಿವಾರ ಎಂಬುದು ಉಳಿದ ವಾರಗಳಂತೆ ಒಂದು ವಾರವಾಯಿತು. ಪಡಸಾಲೆಯ ನೆಲ ಸ್ವಚ್ಛವಿತ್ತು, ಸೀಮೆಸುಣ್ಣದ ಒಂದು ಗೆರೆ ಇಲ್ಲ. ಅಪ್ಪ ಉಪ್ಪು ಹೆಚ್ಚಾಯಿತು, ಉಪ್ಪು ಕಡಿಮೆಯಾಯಿತು ಎಂದು ಅವ್ವನ ಮೇಲೆ ಹರಿಹಾಯುತ್ತಿದ್ದ. ಬಂಬಿನ ಯುದ್ಧ ಮಾತ್ರ ದುಪ್ಪಟ್ಟಾಯಿತು, ಯಾಕೆಂದರೆ ಚಿಮಣಿಯ ರಾಜಿ ಎರಡೇ ದಿನಕ್ಕೆ ಮುರಿದುಬಿದ್ದಿತ್ತು. ದಾವಲ್ ಕಾಕಾ ಒಮ್ಮೆ ಪೇಟೆಯಲ್ಲಿ ಎದುರಾದ. ನಾನು ಅಪ್ಪನ ಕೈ ಹಿಡಿದುಕೊಂಡಿದ್ದೆ. ಆತ ಸೈಕಲ್‌ನಿಂದ ಇಳಿದು, ಎರಡೂ ಕೈ ಮುಗಿದು, “ನಮಸ್ಕಾರ್ರಿ ಸರ” ಎಂದು, ಮತ್ತೆ ಹತ್ತಿ ಹೋದ. ಅಪ್ಪನ ಕೈ ಬೆವೆತದ್ದು ನನ್ನ ಕೈಗೆ ತಿಳಿಯಿತು. ಬೈದಿದ್ದರೆ ಅಪ್ಪನಿಗೆ ಎಷ್ಟೋ ಹಿತವಾಗುತ್ತಿತ್ತು.

ಬೇಸಿಗೆಯಲ್ಲಿ ಒಣಮೆಣಸಿನಕಾಯಿ ಕೊಳ್ಳಲು ಅಪ್ಪ ನನ್ನನ್ನು ಅಮರಗೋಳಕ್ಕೆ ಕರೆದುಕೊಂಡು ಹೋದ. ಕೊಂಡದ್ದಾಯಿತು, ಬಸ್ಸಿಗೆ ನಡೆಯಬೇಕು, ಆತ ನಡೆಯುತ್ತಲೇ ಇಲ್ಲ. ಒಂದು ಅಡತಿ ಅಂಗಡಿಯ ಮುಂದೆ ಚೀಲ ಇಳಿಸಿ, ತಲೆ ಮೇಲೆತ್ತಿ ಬೋರ್ಡು ನೋಡುತ್ತ ನಿಂತುಬಿಟ್ಟ. ಹೊಸ ಬಣ್ಣದ ಬೋರ್ಡು. ಮೂಲೆಯಲ್ಲಿ ಸಣ್ಣಗೆ ದಾವಲ್ ಕಾಕಾನ ಸಹಿ.

“ಏನ್ ಬೇಕಾಗಿತ್ರಿ?” ಗಲ್ಲಾಪೆಟ್ಟಿಗೆಯ ಮುಂದೆ ಕೂತವರು ಕೇಳಿದರು.

“ಏನಿಲ್ರಿ. ಬೋರ್ಡ್ ನೋಡಾಕತ್ತೇನಿ.” ಆಮೇಲೆ ನನ್ನ ಕಡೆ ತಿರುಗಿ ಸಿಟ್ಟಿನಿಂದ ಹೇಳಿದ, “ನೋಡಿಲ್ಲೆ ಸುಮಿ. ‘ಳ’ದ ಬಾಲ ನೋಡು. ಹೇಳಾವ್ರ ಇಲ್ಲಂದ್ರ ಹಿಂಗ ಬರೀತಾನ.”

ಬಾಲ ಚೆನ್ನಾಗಿಯೇ ಇತ್ತು. ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವ್ವ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಕಣ್ಣಲ್ಲಿ ನೀರು ಬಂತು, ಮೆಣಸಿನಕಾಯಿಯ ಘಾಟು ಇರಬೇಕು ಎಂದುಕೊಂಡೆ.

ಮತ್ತೆ ದಸರೆ ಬಂತು. ಮಧ್ಯಾಹ್ನ ಅಪ್ಪ ಬನ್ನಿಯ ಕಟ್ಟು ಹರವಿಕೊಂಡು ಕೂತ. ಇಸ್ತ್ರಿಯ ಅಂಗಿ ಗೂಟದಲ್ಲಿತ್ತು. ಅವ್ವ ಹೊಸ ಸೀರೆಯುಟ್ಟು, ನನಗೂ ಜಡೆ ಹಾಕಿ, ಪಡಸಾಲೆಗೆ ಬಂದು ನಿಂತಳು.

“ಈ ಸಲ ಮೊದಲನೇ ಬನ್ನಿ ದಾವಲಣ್ಣಗ.”

“ಅಂವ ಬಂದ್ನೇನು ವರ್ಷದಾಗ ಒಮ್ಮೆರೆ?”

“ಬರೂದಿಲ್ಲ. ನೀವ್ ಬರೂದಿಲ್ಲಂದ್ರೂ ನಾನೂ ಸುಮಿನೂ ಹೋಗ್ತೇವಿ. ಓಣಿಯಾಗಿನವ್ರು ‘ಮಾಸ್ತರ್ ಎಲ್ಲೆ’ ಅಂತ ಕೇಳಿದ್ರ, ಆಚಿ ಮನಿ ಕಾಕಾನ ಜೋಡಿ ಚಿಮಣಿ ಅಳ್ಯಾಕತ್ತಾರ ಅಂತ ಹೇಳ್ತೇನಿ.”

ಅಪ್ಪ ಎಲೆಗಳನ್ನು ಆರಿಸುತ್ತಲೇ ಇದ್ದ. ಆರಿಸಿ ಎತ್ತಿಟ್ಟದ್ದನ್ನು ಮತ್ತೆ ಬೆಳಕಿಗೆ ಹಿಡಿದು ನೋಡಿ, ಒಂದು ಟೊಂಗೆ ತೆಗೆದು ಹಾಕಿ, ಇನ್ನೊಂದನ್ನು ಆರಿಸಿದ. ಎದ್ದು ಅಂಗಿ ಹಾಕಿಕೊಂಡ. “ನಡೀರಿ” ಎಂದ, ನಮ್ಮದೇ ತಡವಾಯಿತು ಎಂಬಂತೆ.

ಊರ ಅಂಚಿನಲ್ಲಿ ಮನೆ ಯಾವುದೆಂದು ಗೊತ್ತಾಗದೆ ಎರಡು ಕಡೆ ಕೇಳಬೇಕಾಯಿತು. ಇಷ್ಟು ವರ್ಷದ ಗೆಳೆಯನ ಮನೆಯ ದಾರಿಯನ್ನು ಅಪ್ಪ ಬೀಡಿ ಅಂಗಡಿಯವನಿಂದ ಕೇಳಿ ತಿಳಿದುಕೊಂಡ. ದಾವಲ್ ಕಾಕಾ ಹೊರಗೆ ಕಟ್ಟೆಯ ಮೇಲೆ ಕೂತಿದ್ದ. ನಮ್ಮನ್ನು ಕಂಡು ಎದ್ದ. ಮುಖದಲ್ಲಿ ಏನೂ ಇಲ್ಲ.

“ಬರ್ರಿ ಸರ. ಬರ್ರಿ ಅಕ್ಕಾ. ಒಳಗ ಬರ್ರಿ.”

ಒಳಗೆ ಹೋಗಿ ಕುರ್ಚಿ ಝಾಡಿಸಿ ಅದರ ಮೇಲೆ ಟವೆಲ್ ಹಾಸಿದ. ಅಪ್ಪ ಕೂತ. ಬನ್ನಿ ಕೊಟ್ಟ. ದಾವಲ್ ಕಾಕಾ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು ಗೋಡೆಯ ಮಾಡದಲ್ಲಿಟ್ಟ. ಕಿವಿಯ ಮೇಲೆ ಸಿಕ್ಕಿಸಿಕೊಳ್ಳಲಿಲ್ಲ. ಚಾಚಿ ಹೊಸ ತಟ್ಟೆಗಳಲ್ಲಿ ಲಾಡು ತಂದಿಟ್ಟಳು.

“ಸಾಲಿ ಛಲೋ ನಡದೈತ್ರಿ ಸರ?”

“ನಡದೈತಿ.”

“ನಿಮ್ಮ ಕಡೆ ಮಳಿ ಹೆಂಗಾತ್ರಿ?”

ಒಂದೇ ಊರು. ನಮ್ಮ ಕಡೆಯ ಮಳೆ ಬೇರೆ ಎಲ್ಲಿಂದ ಬರಬೇಕು? ನನಗೆ ನಗು ಬಂತು, ಆದರೆ ಅಪ್ಪನ ಮುಖ ನೋಡಿ ನಿಂತಿತು. ಈ ಟವೆಲ್, ಈ ಮಳೆ, ಈ ಕೈ ಮುಗಿಯುವುದು ಎಲ್ಲಾ ಆತನಿಗೆ ಬಾಯಿಪಾಠ. ವರ್ಷಕ್ಕೊಮ್ಮೆ ವೆಂಕಣ್ಣ ಕಾಕಾನ ಮನೆಯಲ್ಲಿ ಇದನ್ನೇ ಕೊಟ್ಟು ಇದನ್ನೇ ಪಡೆದು ಬಂದವನು. ಯಾರಿಗೆ ಯಾವ ಕುರ್ಚಿ ಹಾಕುತ್ತಾರೆ ಎಂದು ಆತನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಅಪ್ಪ ಎದ್ದು ನಿಂತ. ಟವೆಲ್ ಜಾರಿ ನೆಲಕ್ಕೆ ಬಿತ್ತು.

“ದಾವಲ್ಯಾ, ನಾ ಏನ್ ನಿನ್ನ ವೈರಿ ಏನಲೇ?”

“ಅಲ್ಲಲ್ರಿ ಸರ.” ದಾವಲ್ ಕಾಕಾ ಟವೆಲ್ ಎತ್ತಿ ಮಡಚುತ್ತ ಹೇಳಿದ. “ನಾ ನಿಮ್ಮ ವೈರಿ ಆಗಿದ್ರ ನೀವು ಹ್ವಾದ ವರ್ಷನ ಬರ್ತಿದ್ರಿ.”

ಚಾಚಿಯ ಕೈ ಲೋಟದ ಮೇಲೆ ನಿಂತಿತು. ಅವ್ವ ನೆಲ ನೋಡಿದಳು. ಅಪ್ಪ ಆತನ ಕೈಯಿಂದ ಟವೆಲ್ ಕಿತ್ತುಕೊಂಡ.

“ಬೈಯಲೇ. ಬಾಯಿಗೆ ಬಂದಂಗ ಬೈ. ಹಿಂಗ ಖುರ್ಚಿ ಮ್ಯಾಲೆ ಕೂಡಿಸಿ ಕೊಲ್ಲಬ್ಯಾಡ.”

ಅಷ್ಟು ಹೇಳಿದ್ದೇ ತಡ, ಒಂದು ವರ್ಷದ್ದು ಕಟ್ಟೆಯೊಡೆದು ಬಂತು. ದಾವಲ್ ಕಾಕಾನ ಬಾಯಿಂದ ಬಂದ ಮೊದಲ ಕೆಲವು ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಚಾಚಿ ನನ್ನ ಕಿವಿ ಮುಚ್ಚಿದಳು, ಬೆರಳ ಸಂದಿಯಿಂದ ಎಲ್ಲಾ ಕೇಳಿತು. “ಇಡೀ ಓಣಿ ನಿಂತು ನೋಡಿತಲೇ ನನ್ನ! ಹುಡುಗೂರು ಹಸಗೊಂಡು ಮಲಗಿದ್ವು! ನಾ ನಿನ್ನ ಹಿತ್ತಲದಾಗಿನ ನಾಯಿ ಏನಲೇ, ನಾನ ಬರಬೇಕು, ನೀ ಹಾಕಿದ್ದು ತಿನ್ನಬೇಕು?” ಅಪ್ಪನೂ ಸುಮ್ಮನಿರಲಿಲ್ಲ. ಅದೇ ನೋಡಿ ನನಗೆ ಸೋಜಿಗ. ತಪ್ಪೆಲ್ಲ ತನ್ನದು, ಆದರೂ ಸಮಕ್ಕೆ ಸಮ ಕೂಗಿದ.

“ನೀ ಏನ್ ಕಡಿಮಿ? ಅಮರಗೋಳದಾಗ ಆ ಅಡತಿ ಬೋರ್ಡಿನ್ಯಾಗ ‘ಳ’ ಬರದಿಯಲ್ಲಾ, ಸತ್ತ ಇಲಿ ಬಾಲ ಇದ್ದಂಗ ಐತಿ!”

ದಾವಲ್ ಕಾಕಾನ ಬೈಗುಳ ನಡುವೆಯೇ ನಿಂತಿತು.

“ನೀ ಯಾವಾಗ ನೋಡಿದಿ?”

ಅಪ್ಪ ಮಾಡದಲ್ಲಿದ್ದ ಬನ್ನಿಯ ಕಡೆ ನೋಡಿದ.

“ನನ್ನ ಬೋರ್ಡ್ ನೋಡಾಕ ಅಮರಗೋಳಮಟಾ ಬಸ್ಸಿಗೆ ಹೋಗ್ತಿ, ನನ್ನ ಮನೀಗೆ ನಡಕೊಂಡು ಬರಾಕ ಆಗಲಿಲ್ಲಲೇ ನಿನಗ, ಶಿವ್ಯಾ?”

“ಮೆಣಸಿನಕಾಯಿ ತರಾಕ ಹೋಗಿದ್ದೆ” ಎಂದ ಅಪ್ಪ, ಸಾಲೆಯ ಹುಡುಗನಂತೆ.

ಚಾಚಿಗೆ ಸಾಕಾಗಿತ್ತು. “ಅ‍ಯ್ಯ, ಮುಗಸ್ರಿ ಇನ್ನ! ಒಂದ್ ವರ್ಷಾತು ಈ ಮನ್ಯಾಗ ‘ಮಾಸ್ತರ್ ಬರಲಿಲ್ಲ, ಮಾಸ್ತರ್ ಬರಲಿಲ್ಲ’ ಕೇಳಿ ಕೇಳಿ ನನ್ನ ಕಿವಿ ಹರದಾವು. ಈಗ ಬಂದಾರ, ಅವರಿಗೆ ತಿನ್ನಾಕರೆ ಬಿಡ್ರಿ.” ಇಬ್ಬರೂ ಕೂತರು. ಅಪ್ಪ ಲಾಡು ಮುರಿದು ಬಾಯಿಗೆ ಹಾಕಿಕೊಂಡ. ಚಾಚಿ ಆತನ ಬಾಯನ್ನೇ ನೋಡುತ್ತಿದ್ದಳು. ಅಪ್ಪ ಅದನ್ನು ಕಂಡಿರಬೇಕು. ತಟ್ಟೆ ಮುಂದೆ ಸರಿಸಿ ಹೇಳಿದ, “ಅಂಗಡಿದು ಛಲೋ ಇಲ್ಲ. ಮನ್ಯಾಗೇನ್ ಮಾಡೀರಿ, ಅದನ್ನ ತರ್ರಿ.” ಚಾಚಿ ಒಳಗೆ ಓಡಿದಳು. ದಾವಲ್ ಕಾಕಾ ಮಾತ್ರ ಪೂರ್ತಿ ಕರಗಿರಲಿಲ್ಲ. ನಾವು ಹೊರಡುವಾಗ ಬಾಗಿಲಲ್ಲಿ ನಿಂತು, ಓಣಿಗೆಲ್ಲ ಕೇಳುವಂತೆ ಹೇಳಿದ, “ಇನ್ನ ನಾ ಬರಂಗಿಲ್ಲ. ರವಿವಾರ ನೀ ಬಾ. ಬರದಿದ್ರ ಮುಗೀತು.”

“ಬರ್ತೇನಲೇ, ಬರ್ತೇನಿ” ಎಂದ ಅಪ್ಪ. ದಾರಿಯಲ್ಲಿ ಗೊಣಗಲು ಶುರು. ಇಷ್ಟು ದೂರ ರವಿವಾರ ರವಿವಾರ ಯಾರು ನಡೆಯಬೇಕು, ಊರ ಹೊರಗೆ ಮನೆ ಕಟ್ಟು ಎಂದು ಇವನಿಗೆ ಯಾರು ಹೇಳಿದರು. ಗೊಣಗಾಟದ ನಡುವೆ ಸೀಟಿ ಹೊಡೆದ. ನಾನೂ ಅವ್ವನೂ ಮುಖ ಮುಖ ನೋಡಿಕೊಂಡೆವು.

ಮಾಳಮಡ್ಡಿಯ ನಮ್ಮ ಗೇಟಿಗೆ ಬಂದರೆ ಪಕ್ಕದ ಗೇಟಿನಲ್ಲಿ ವೆಂಕಣ್ಣ ಕಾಕಾ, ಜರಿಯಂಚಿನ ಧೋತರ, ಕೈಯಲ್ಲಿ ಕೋಲು, ಕಂಬದಂತೆ ನಿಂತಿದ್ದ.

“ಏನ್ ಮಾಸ್ತರ, ನಮ್ಮನಿ ದಾರಿ ಮರತೀರಿ?”

“ಇಲ್ಲ ಕಾಕಾ, ಸ್ವಲ್ಪ ಆ ಕಡೆ...”

“ಸಂಜಿಂದ ಉಟಗೊಂಡು ಕೂತೀನಿ. ಚಹಾ ಆರಿ ನೀರಾತು. ಇಷ್ಟ ವರ್ಷ ಮೊದಲನೇ ಬನ್ನಿ ನಮ್ಮನೀಗೆ ಅದ ಅಲ್ಲೇನು? ಈ ವರ್ಷ ಯಾಂವ ಹುಟ್ಟಿದಾ, ನನಗಿಂತ ದೊಡ್ಡ ವೈರಿ?”

ಮುದುಕನ ದನಿ ಸಿಟ್ಟಿನದಾಗಿರಲಿಲ್ಲ. ನಡುಗುತ್ತಿತ್ತು. ಉತ್ತರಕ್ಕೂ ಕಾಯದೆ ಕೋಲು ಊರುತ್ತ ಒಳಗೆ ಹೋದ, ಬಾಗಿಲು ಮಾತ್ರ ಹಾಕಲಿಲ್ಲ. ಅಪ್ಪ ನಮ್ಮ ಕಟ್ಟೆಯ ಮೇಲೆ ಕುಸಿದು ಕೂತ.

“ಅಲ್ಲೆ ಗೆಳ್ಯಾ ಸಿಟ್ಟಾಗ್ಯಾನ. ಇಲ್ಲೆ ವೈರಿ ಸಿಟ್ಟಾಗ್ಯಾನ. ನಾ ಒಬ್ಬಾಂವ ಎಲ್ಲಿ ಅಂತ ಹೋಗ್ಲಿ?”

ಹೇಳುತ್ತ ಬಗ್ಗಿ ಚಪ್ಪಲಿಯ ಪಟ್ಟಿಗೆ ಕೈ ಹಾಕಿದ. ಅವ್ವ ಬುಟ್ಟಿಯಿಂದ ಒಂದು ಬನ್ನಿಯ ಟೊಂಗೆ ತೆಗೆದು, ಬಾಡಿದ ಎಲೆ ಕಿತ್ತು, ಆತನ ಕೈಗೆ ಕೊಟ್ಟಳು.

“ಚಪ್ಪಲಿ ಬಿಚ್ಚಬ್ಯಾಡ್ರಿ. ಬಾಗಿಲಾ ಇನ್ನೂ ತಗದೈತಿ.”